ಕೂಗಿ ನೋಡಿದ ಹೆಸರುಗಳು

ಗಂಗಾವತಿಯ ಹೆರಿಗೆ ವಾರ್ಡಿನಲ್ಲಿ ನಾನು ಮಾಡಿದ ನಕಲಿಗೆ ಎಲ್ಲ ಬಾಣಂತಿಯರೂ ನಕ್ಕರು, ನನ್ನ ಅಕ್ಕ ಒಬ್ಬಳನ್ನು ಬಿಟ್ಟು. ಅವಳಿಗೆ ಮೂರನೆಯದೂ ಹೆಣ್ಣಾಗಿತ್ತು. ನಾನು ಟವೆಲ್ಲನ್ನು ತಲೆ ಮೇಲೆ ಸೆರಗಿನ ಹಾಗೆ ಹೊದ್ದು, ಸೊಂಟಕ್ಕೆ ಕೈ ಕೊಟ್ಟು, ಅವಳ ಅತ್ತೆಯ ಮೂಗಿನ ದನಿಯಲ್ಲಿ, "ಇದಕ್ಕ ಸಾಕವ್ವ ಅಂತ ಇಡ್ರಿ, ಮುಂದಿಂದು ಗಂಡು ಆಗ್ತೈತಿ" ಅಂದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅದೇ ಅತ್ತೆ, ಕೈಯಲ್ಲಿ ಬಿಸಿನೀರಿನ ಥರ್ಮಾಸ್. ಬೈಯಲಿಲ್ಲ. "ಛಲೋ ನೆನಪು ಮಾಡಿದೆಪ" ಅಂದುಬಿಟ್ಟರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದರೆ ಕೊನೆಯದಕ್ಕೆ ಆ ಹೆಸರಿಟ್ಟು ದೇವರಿಗೆ ಅರ್ಜಿ ಹಾಕುವುದು ನಮ್ಮ ಕಡೆ ಇದ್ದದ್ದೇ. ಅಕ್ಕನನ್ನು ಕೊಟ್ಟ ಕುಷ್ಟಗಿ ಕಡೆಯ ಆ ಮನೆಯಲ್ಲಿ ಅರ್ಜಿ ಮಂಜೂರಾದ ಪುರಾವೆಯೂ ಇತ್ತು. ಅತ್ತೆಯವರ ಮೂರನೇ ಮಗಳ ಹೆಸರೂ ಸಾಕವ್ವ, ಆಕೆಯ ಬೆನ್ನಿಗೆ ಹುಟ್ಟಿದವನೇ ನನ್ನ ಭಾವ.

"ನಾಟಕದಾಗ ರಾಕ್ಷಸಿಗೂ ನೆಲ ನಡುಗೂವಂಥಾ ಹೆಸರ ಹುಡುಕ್ತಿ. ನನ್ನ ಮಗಳಿಗೆ ನಿನಗ ಸಿಕ್ಕಿದ್ದು ಇದಾ?" ಎಂದು ಅಕ್ಕ ಕೇಳಿದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಆಕೆ ಹೇಳಿದ್ದು ಖರೆ. ನಮ್ಮೂರ ನಾಟಕಗಳಲ್ಲಿ ಹೆಣ್ಣು ಪಾತ್ರಕ್ಕೆ ಹೆಸರಿಡುವುದು ನನ್ನ ಕೆಲಸ. ಮೀಸೆ ಬರುವ ತನಕ ಆ ಪಾತ್ರ ಮಾಡುವುದೂ ನನ್ನದೇ ಕೆಲಸವಾಗಿತ್ತು. ಮೀಸೆ ಇನ್ನೂ ಪೂರ್ತಿ ಬಂದಿಲ್ಲ ಅನ್ನುವುದು ಬೇರೆ ಮಾತು.

ತೊಟ್ಟಿಲಿಗೆ ಹಾಕುವುದು ಸಿದ್ದಾಪುರದಲ್ಲಿ, ನಮ್ಮ ಮನೆಯಲ್ಲಿ. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಆಕೆ ಕಿವಿಯಲ್ಲಿ ಏನು ಹೇಳುತ್ತಾಳೋ ಅದೇ ಹೆಸರು; ಅದನ್ನು ವಾಪಸು ತೆಗೆಯುವಂತಿಲ್ಲ. ಆ ಸೋದರತ್ತೆ ಬೇರೆ ಯಾರೂ ಅಲ್ಲ, ಭಾವನ ಅಕ್ಕ ಸಾಕವ್ವ, ನಾನು 'ಅಕ್ಕಾರ' ಎಂದು ಕರೆಯುವವರು; ಅವರ ಮುಂದೆ ಹೋಗಿ ಬೇಡಲು ನನಗೆ ಮುಖವಿರಲಿಲ್ಲ. ಯಾಕೆಂದರೆ ಆ ಅಕ್ಕಾರ ಸಿಕ್ಕಾಗಲೆಲ್ಲ ನಾನು ಬಡಿಸುವವರ ಹಾಗೆ ಬಗ್ಗಿ, "ಇನ್ನೊಂದೀಟು ಅನ್ನ ಹಾಕ್ಲೇನ್ರಿ?" ಎಂದು ಕೇಳಿ, ಅವರ ಬಾಯಿಂದ "ಸಾಕು" ಎಂದು ಅವರ ಹೆಸರನ್ನೇ ಹೊರಡಿಸಿ ನಗುತ್ತಿದ್ದೆ. ಅವರೂ ನಗುತ್ತಿದ್ದರು ಎಂದುಕೊಂಡಿದ್ದೆ.

ಅವತ್ತು ಕುಷ್ಟಗಿಯವರ ಟಂಟಂ ಆಟೊ ಬಂದು ನಿಂತಾಗ ತೊಟ್ಟಿಲಿಗೆ ಇನ್ನು ಒಂದು ತಾಸು ಇತ್ತು. ಇಳಿದವರೇ ಅಕ್ಕಾರ ಹಿತ್ತಲಿಗೆ ಹೋಗಿ ಗುಂಡುಕಲ್ಲು ತೊಳೆಯತೊಡಗಿದರು. ಕೂಸಿಗಿಂತ ಮೊದಲು ಆ ಕಲ್ಲಿಗೇ ಕೂಸಿನ ತಲೆಗೆ ಹಾಕುವ ಕುಂಚಿಗೆ ಕಟ್ಟಿ ತೊಟ್ಟಿಲಲ್ಲಿ ತೂಗುವುದು ಪದ್ಧತಿ. ನಾನು ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಅಕ್ಕಾರ, ಆ ಹೆಸರ ಬ್ಯಾಡ್ರಿ."

"ಯಾವ ಹೆಸರ, ತಮ್ಮಾ? ನನ್ನ ಹೆಸರಾ?"

ಕೂಸಿಗೆಂದು ಹೆಸರುಗಳನ್ನು ಬರೆದುಕೊಂಡು ಬಂದಿದ್ದೆ. ಕಿಸೆಯಿಂದ ಚೀಟಿ ತೆಗೆದೆ. ಅವರು ಕಲ್ಲು ಉಜ್ಜುತ್ತಲೇ ಇದ್ದರು.

"ಓದಬ್ಯಾಡ. ಕೂಗು. ಸಾಲಿ ಮಾಸ್ತರ ಹಾಜರಿ ಕರದಂಗ ಕೂಗು, ಆಮ್ಯಾಲ ನಮ್ಮವ್ವ ಕರದಂಗ."

ರಣಚಂಡಿಕಾ ಎಂದು ಮಾಸ್ತರ ದನಿಯಲ್ಲಿ ಕೂಗಿದೆ. ಗತ್ತಿತ್ತು. ಅತ್ತೆಯವರ ದನಿಯಲ್ಲಿ ಕೂಗಿದೆ.

"ಬೈಗುಳ ಆತು. ಮುಂದಿಂದು."

ವಜ್ರೇಶ್ವರಿ ಅತ್ತೆಯವರ ಮೂಗಿನಿಂದ ಹೊರಬರುವಷ್ಟರಲ್ಲಿ ವಜ್ರಿ ಆಗಿತ್ತು. "ಎಮ್ಮಿ ಕರದಂಗಾತು" ಅಂದರು. ಅಗ್ನಿಜ್ವಾಲಾ ಅಂದರೆ, "ಗ್ಯಾಸಿನ ಅಂಗಡಿ ಬೋರ್ಡಿಗೆ ಬರೀಬೇಕದನ್ನ." ನಾನು ವಾರಗಟ್ಟಲೆ ಹೆಣೆದಿಟ್ಟ ಹೆಸರುಗಳು ಒಂದೊಂದಾಗಿ ಮಣ್ಣು ಮುಕ್ಕಿದವು. ಒಳಗಿನಿಂದ ಗುಗ್ಗರಿ ಬೆಂದ ವಾಸನೆ ಬರುತ್ತಿತ್ತು. ಹೊತ್ತು ಉಳಿದಿರಲಿಲ್ಲ.

"ಭೈರವಿ" ಎಂದೆ. ಅತ್ತೆಯವರ ದನಿಯಲ್ಲಿ ಎಳೆದೆ, ಮುರಿದೆ, "ಏ ಭೈರೀ" ಎಂದು ಮೂಗಿನಲ್ಲಿ ಸಿಕ್ಕಿಸಿದೆ. ಎಷ್ಟು ಸಣ್ಣದು ಮಾಡಿದರೂ ಅದರ ಹಲ್ಲು ಉದುರಲಿಲ್ಲ. ಅಕ್ಕಾರ ಕೈ ನಿಂತಿತು.

ಅಷ್ಟರಲ್ಲಿ ಒಳಗಿಂದ ಅಸಲಿ ದನಿಯೇ ಬಂತು: "ಏ ಸಾಕೀ! ಕಲ್ಲು ತರ್ತೀಯೋ ಇಲ್ಲೋ?"

"ಕೇಳಿದಿಲ್ಲ? ನಲವತ್ತು ವರ್ಷಾತು ಹಿಂಗ" ಅಂದರು ಅಕ್ಕಾರ. ಕಲ್ಲನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡರು. "ನಾ ನಿನಗ ಮಾತು ಕೊಟ್ಟಿಲ್ಲ, ನೆನಪಿರ್ಲಿ. ಅವ್ವ ಬಾಜೂಕ ಕುಂತಿರ್ತಾಳ."

ನಾನು ಗುಗ್ಗರಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತೆ. ಅಕ್ಕ ಗೋಡೆಗೊರಗಿ ಕೂತಿದ್ದಳು, ಒಂದು ಕೈ ತೊಟ್ಟಿಲ ಹಗ್ಗದ ಮೇಲೆ. ಅತ್ತೆಯವರು ತೊಟ್ಟಿಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಅಕ್ಕಾರ ಕೂಸಿನ ಕಿವಿಗೆ ಬಾಗಿ "ಕುರ್ರ್" ಅಂದರು. ಹೆಂಗಸರು ಪದ್ಧತಿಯಂತೆ ಅವರ ಬೆನ್ನಿಗೆ ಗುದ್ದತೊಡಗಿದರು. ಹೆಸರು ಹೇಳಿ ಏಳುವ ತನಕ ಗುದ್ದು ಬೀಳುತ್ತದೆ. ಹಾಗಾಗಿ ಯಾರೂ ತಡಮಾಡುವುದಿಲ್ಲ. ಅಕ್ಕಾರ ಏಳಲಿಲ್ಲ. ಮೊದಲು ನಗುನಗುತ್ತ ಗುದ್ದಿದವರ ಕೈ ಮೆತ್ತಗಾಯಿತು. ಅತ್ತೆಯವರು ಮಾತ್ರ ಮತ್ತೊಂದು ಜೋರಾಗಿ ಕೊಟ್ಟು, "ಹೇಳಿ ಏಳ, ನಿನ್ನ ಹೆಸರ ಮರತೀಯೇನು?" ಅಂದರು. ಎಲ್ಲರೂ ನಕ್ಕರು. ಈ ಸಲ ನನಗೆ ನಗು ಬರಲಿಲ್ಲ.

ಅಕ್ಕಾರ ತುಟಿ ಅಲುಗಾಡಿತು. ಎದ್ದು ಕೂತರು.

"ಏನಂದಿ?" ಎಂದು ಅತ್ತೆಯವರು ಕೇಳಿದರು.

"ಭೈರವಿ."

ಅತ್ತೆಯವರ ಕಣ್ಣು ಸೀದಾ ನನ್ನ ಮೇಲೆ ಬಂತು. "ಯಾರು ಹೇಳಿಕೊಟ್ರು ಇದನ್ನ?"

"ಯಾರೂ ಇಲ್ಲ. ಕಿವ್ಯಾಗ ಹೇಳಾಕಿ ನಾನು. ನಾನ ಹೇಳೀನಿ."

ಅತ್ತೆಯವರು ಸೆರಗಿನ ಗಂಟು ಬಿಚ್ಚಿ, ಕೂಸಿಗೆಂದು ತಂದಿದ್ದ ಬೆಳ್ಳಿ ಉಡದಾರ ತೆಗೆದರು. ಕಟ್ಟಲಿಲ್ಲ. ಮಗಳ ಉಡಿಯಲ್ಲಿ ಹಾಕಿ, "ಕೂಸು ನಿನ್ನ ಹೆಸರಿನಾಕಿ ಅಲ್ಲ, ನಾ ಕಟ್ಟಂಗಿಲ್ಲ, ನೀನ ಕಟ್ಕೋ" ಎಂದು ಎದ್ದು ಹೋಗಿ ಟಂಟಂನಲ್ಲಿ ಕೂತರು.

ಅಕ್ಕ ಅಳುತ್ತಿದ್ದಳು. ಅಕ್ಕಾರ ಕೂಸಿನ ಸೊಂಟ ಎತ್ತಿ ಉಡದಾರ ಕಟ್ಟಿದರು, ಗಂಟು ಗಟ್ಟಿಯಿದೆಯೇ ಎಂದು ಎರಡು ಸಲ ಎಳೆದು ನೋಡಿದರು. ಆಮೇಲೆ ಯಾರೂ ಕೇಳದಿದ್ದರೂ ಇನ್ನೊಮ್ಮೆ ಹೆಸರು ಹೇಳಿದರು, ಓಣಿಯಲ್ಲಿ ನಿಂತ ಟಂಟಂಗೆ ಕೇಳುವಷ್ಟು ಜೋರಾಗಿ.