ನಾಳೆ ಮೇಸ್ತ್ರಿಯ ಬಿಳಿ ಮಚ್ಚೆ

ಬೀದಿಯವರೆಲ್ಲ ಆ ದರ್ಜಿಯನ್ನು ‘ನಾಳೆ ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು. ಹೊಲಿಗೆಯಲ್ಲಿ ಎತ್ತಿದ ಕೈ. ಹೇಳಿದ ದಿನಕ್ಕೆ ಕೊಡುವುದರಲ್ಲಿ ಮಾತ್ರ ಸೊನ್ನೆ. ಯಾರು ಬಂದು ಕೇಳಿದರೂ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ “ನಾಳೆ ಬನ್ನಿ” ಅನ್ನುತ್ತಿದ್ದ. ಸೂಜಿ ಇಲ್ಲದಾಗ ಸಿಗರೇಟು. ಮೂವತ್ತು ವರ್ಷದಲ್ಲಿ ಆ ಬಾಯಿ ಖಾಲಿ ಇದ್ದದ್ದನ್ನು ಕಂಡವರಿಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಕೆಳತುಟಿಯ ಒಳಗೆ ಬಿಳಿ ಮಚ್ಚೆಯೊಂದು ಕಂಡಿತು. ಉಜ್ಜಿದರೂ ಹೋಗಲಿಲ್ಲ.

“ಸೂಜಿ ಚುಚ್ಚಿರೋದು ಕಣೇ,” ಎಂದ ಹೆಂಡತಿಗೆ.

“ಚುಚ್ಚಿದ್ರೆ ನೋಯಲ್ವಾ? ಡಾಕ್ಟ್ರಿಗೆ ತೋರಿಸಿ.”

“ನಾಳೆ.”

ಅಂದಿನಿಂದ ಸೂಜಿಗಳು ಅಂಗಿಯ ತೋಳಿಗೆ ಹೋದವು. ಖಾಲಿಯಾದ ಬಾಯಿಗೆ ದಿನಕ್ಕೆ ಇನ್ನೆರಡು ಸಿಗರೇಟು ಹೆಚ್ಚಾದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಮೂರು ವಾರವಾದರೂ ಮಚ್ಚೆ ಕದಲಲಿಲ್ಲ, ಇನ್ನಷ್ಟು ದಪ್ಪವಾಗಿತ್ತು. ಈಗ ತಪ್ಪು ಹೊರಿಸಲು ಸೂಜಿಯೂ ಇರಲಿಲ್ಲ. ಮೇಸ್ತ್ರಿ ಅಂಗಡಿ ಮುಚ್ಚಿ ಹಲ್ಲಿನ ಆಸ್ಪತ್ರೆಗೆ ಹೊರಟ.

ಹಲ್ಲಿನ ಡಾಕ್ಟರಮ್ಮ ದೀಪ ಬಾಗಿಸಿ, ಕರೆಗಟ್ಟಿದ ಹಲ್ಲು, ಸವೆದ ವಸಡು ಎಲ್ಲ ನೋಡುತ್ತಾ ಬಂದು ಮಚ್ಚೆಯ ಹತ್ತಿರ ನಿಂತರು.

“ಸಿಗರೇಟಿಂದ ಹೀಗಾಗುತ್ತೆ. ಕೆಲವರಿಗೆ ಇದು ಕ್ಯಾನ್ಸರಿಗೂ ತಿರುಗುತ್ತೆ. ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ.”

ಐದು ದಿನ ಬಿಟ್ಟು ಲ್ಯಾಬಿಗೆ ಹೋದ. ಅಲ್ಲಿನ ಹುಡುಗಿ ತಲೆಯೆತ್ತದೆ “ನಾಳೆ ಬನ್ನಿ” ಎಂದಳು. ಮರುದಿನವೂ ಅದೇ ಮಾತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಈ ಮಾತನ್ನು ಎಷ್ಟು ಜನರಿಗೆ ಎಷ್ಟು ಸಲೀಸಾಗಿ ಹೇಳಿದ್ದೆನಲ್ಲ ಎನಿಸಿತು. ಅಂಗಡಿಗೆ ಮರಳಿ ಕತ್ತರಿ ಹಿಡಿದ. ಯಾರದೋ ಅಂಗಿಯ ತೋಳನ್ನು ಒಂದು ಗೇಣು ಗಿಡ್ಡ ಕತ್ತರಿಸಿಬಿಟ್ಟ. ವಟವಟ ಎನ್ನುವ ಹೆಂಡತಿಯೂ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅದೇ ಅವನನ್ನು ಹೆಚ್ಚು ಹೆದರಿಸಿತು.

ಮೂರನೆಯ ದಿನ ವರದಿ ಬಂತು. ಇಬ್ಬರೂ ಹೋದರು. ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು.

“ಸದ್ಯ ಕ್ಯಾನ್ಸರ್ ಅಲ್ಲ. ಆದ್ರೆ ಸೇದ್ತಾನೇ ಇದ್ರೆ ಮುಂದೇನಾಗುತ್ತೋ ನಾನು ಹೇಳಲಾರೆ. ಯಾವಾಗ ಬಿಡ್ತೀರ?”

ಉತ್ತರ ತಾನಾಗಿಯೇ ನಾಲಿಗೆಯ ತುದಿಗೆ ಬಂದು ನಿಂತಿತು. ಹೆಂಡತಿ ಅವನ ಬಾಯನ್ನೇ ನೋಡುತ್ತಿದ್ದಳು. ಮೇಸ್ತ್ರಿ ಆ ಮಾತನ್ನು ನುಂಗಿಕೊಂಡು, ಜೇಬಿನಿಂದ ಪ್ಯಾಕೆಟ್ಟು ತೆಗೆದು ಮೇಜಿನ ಮೇಲಿಟ್ಟ.

“ಇವತ್ತೇ,” ಎಂದ.