ಅಂಚಿನಜ್ಜನ ಅಂಚು

ನಮ್ಮ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ ಹಿರಿಯರಿಗೆ ಅಂಚಿನಜ್ಜ ಎಂದು ಹೆಸರಿಟ್ಟವನು ನಾನೇ, ಪುಸ್ತಕ ಹೊಲಿಯುವ ಬೈಂಡರು. ಅವರು ಸತ್ತಾಗ ಮಾಲೀಕ ಗೋಡೆಗೆ ಅಂಟಿಸಿದ ಕಾಗದದಲ್ಲಿ ‘ಅಪಾರ ಸೇವೆ’ ಎಂದಿತ್ತು. ಸೇವೆಯಂತೆ! ಓದಿ ಮೈ ಉರಿಯಿತು.

ನಮ್ಮಲ್ಲಿ ಅಚ್ಚಾಗುತ್ತಿದ್ದ ಹೀಬ್ರೂ ಪ್ರವಾದಿಗಳ ಪುಸ್ತಕದ ಒಂದೊಂದು ಸಾಲೂ ಅದಕ್ಕಿಂತ ಹಳೆಯ ಯಾವ ಪ್ರವಾದಿಯ ಮಾತನ್ನು ನೆನೆಯುತ್ತದೆ ಎಂದು ಹುಡುಕಿ, ಅಜ್ಜ ಪುಟದ ಅಂಚಿನಲ್ಲಿ ಬರೆಯುತ್ತಿದ್ದರು. ಸಂಜೆ ಮನೆಯಲ್ಲಿ, ಅಡುಗೆಮನೆಯ ಮೇಜಿನ ಮುಂದೆ ಅವರ ಹೆಂಡತಿ, ಅಜ್ಜಿ, ಗಟ್ಟಿಯಾಗಿ ಓದುವುದು, ಇವರು ಕಿವಿಗೊಟ್ಟು ಗುರುತು ಹಾಕುವುದು. ಹೀಗೆ ಇಪ್ಪತ್ತೆರಡು ವರ್ಷ. ಅದು ಅಚ್ಚಾಗಿ ಅಜ್ಜಿಯ ಕೈ ಸೇರಬೇಕು, ಅಷ್ಟೇ ಅವರ ಆಸೆ.

“ಏನಜ್ಜಾ ಸಿಗುತ್ತೆ ಇದ್ರಲ್ಲಿ?” ಎಂದು ಒಮ್ಮೆ ಕೆಣಕಿದ್ದೆ.

“ಕಡಿದ ಮರದ ಬುಡದಲ್ಲಿ ಚಿಗುರು ಬರುತ್ತೆ ಅಂತ ಒಬ್ಬ ಹೇಳ್ತಾನೆ. ಅಂದ್ರೆ, ಹಾಳಾದ ಮನೆತನದಲ್ಲೇ ನ್ಯಾಯವಂತ ಅರಸ ಹುಟ್ತಾನೆ ಅಂತ. ನೂರು ವರ್ಷ ಆದ್ಮೇಲೆ ಇನ್ನೊಬ್ಬ ಬರೀ ‘ಚಿಗುರು’ ಅಂದ್ರೂ ಸಾಕು, ಕೇಳೋರಿಗೆ ಎದೆ ತುಂಬುತ್ತೆ. ಆ ಅರಸನನ್ನ ಮೊದಲನೆಯವನೂ ನೋಡ್ಲಿಲ್ಲ, ಎರಡನೆಯವನೂ ನೋಡ್ಲಿಲ್ಲ. ಮಾತು ಮಾತ್ರ ಬಾಯಿಂದ ಬಾಯಿಗೆ ಬಂತು.”

ಹಿರಿಯ ಮಾಲೀಕರು “ಮುಂದಿನ ಮುದ್ರಣದಲ್ಲಿ ನಿಮ್ಮ ಅಂಚು ಖಂಡಿತ” ಅನ್ನುತ್ತಲೇ ತೀರಿಕೊಂಡರು. ಮಗ ಬಂದು, “ಅಪ್ಪ ಹೇಳಿದ್ರಲ್ಲ, ಮುಂದಿನ ಮುದ್ರಣದಲ್ಲಿ” ಎಂದ.

“ನೋಡಿದ್ಯಾ, ಇವನೂ ಹಳೇ ಪ್ರವಾದಿ ಮಾತನ್ನೇ ಎತ್ತಿ ಆಡ್ತಾನೆ” ಎಂದು ಅಜ್ಜ ನಕ್ಕರು.

ಕೊನೆಗೂ ಅಚ್ಚಾಯಿತು. ಅಂಚಿನ ಬರಹಕ್ಕೆ ಜಾಗ ಬೇಕೆಂದು ಪುಟವನ್ನು ಬೆರಳಗಲ ಹೆಚ್ಚಿಸಿದ್ದರು. ಹೊಲಿದ ಪುಸ್ತಕಗಳ ಅಂಚು ಸವರುವ ಕೆಲಸ ನನ್ನದು. ಮೊದಲು ಒಂದೇ ಪ್ರತಿ ಕತ್ತರಿಸಿ ಕರಡು ತಿದ್ದುವವರಿಗೆ ತೋರಿಸಬೇಕು, ಅವರು ಹೂಂ ಅಂದ ಮೇಲೆ ಉಳಿದದ್ದು. ನಮ್ಮಲ್ಲಿ ಲಾಗಾಯ್ತಿನಿಂದ ಇದೇ ಪದ್ಧತಿ. ಅವತ್ತು ತೋರಿಸಲಿಲ್ಲ. ತೋರಿಸಿದರೆ ಅಜ್ಜ ಗಂಟೆಗಟ್ಟಲೆ ಕೊರೆಯುತ್ತಾರೆ ಎಂಬ ಉದಾಸೀನ. ಹಳೆಯ ಮುದ್ರಣದ ಅಳತೆಗೇ ಮಷೀನು ಬಿಗಿದು ಸಾವಿರ ಪ್ರತಿಯನ್ನೂ ಕತ್ತರಿಸಿಬಿಟ್ಟೆ. ಇಪ್ಪತ್ತೆರಡು ವರ್ಷ ರದ್ದಿ ಬುಟ್ಟಿಗೆ ಬಿತ್ತು.

ಅಜ್ಜ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಗದದ ಪಟ್ಟಿಗಳನ್ನು ಆರಿಸಿಕೊಂಡರು. “ಒಂದು ಪ್ರತಿ ತೋರಿಸಬಾರದಿತ್ತೇನಪ್ಪಾ?” ಅಂದರು, ಅಷ್ಟೇ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮಾಲೀಕ ಪುಸ್ತಕವನ್ನು ಹಾಗೇ ಅಂಗಡಿಗಳಿಗೆ ಕಳಿಸಿ, “ಮುಂದಿನ ಮುದ್ರಣದಲ್ಲಿ ಸರಿಮಾಡೋಣ” ಎಂದು ಕೈತೊಳೆದುಕೊಂಡ. ಆರು ತಿಂಗಳಿಗೆ ಅಜ್ಜ ಹೋದರು.

ನಿನ್ನೆ ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಮೇಜಿನ ಮೇಲೆ ಆ ಪಟ್ಟಿಗಳಿದ್ದವು, ದಾರ ಸುತ್ತಿದ ಕಟ್ಟು. ಅಜ್ಜಿ ಒಂದನ್ನು ಎಳೆದು ಕನ್ನಡಕದ ಹತ್ತಿರ ಹಿಡಿದರು.

“ಎಲ್ಲಾದ್ರಲ್ಲೂ ‘ಅಲ್ಲಿ ನೋಡಿ, ಇಲ್ಲಿ ನೋಡಿ’ ಅಂತಾನೇ ಇದೆ. ಯಾವ ಸಾಲಿಗೆ ಅಂತ ಗೊತ್ತಾಗಲ್ಲ. ಅಂಚು ಯಾರು ಕತ್ತರಿಸಿದ್ರು ಅಂತ ಕೇಳಿದ್ರೆ ನಮ್ಮೋರು ಕೊನೇವರೆಗೂ ಬಾಯಿ ಬಿಡ್ಲಿಲ್ಲ. ಅಲ್ಲಪ್ಪಾ, ಇವರ ಅಂಚಿರೋ ಪುಸ್ತಕ ಬರುತ್ತಾ?”

ಕತ್ತರಿಸಿದವನು ನಾನೇ ಅಂತ ಹೇಳಲೆಂದೇ ಹೋಗಿದ್ದೆ.

“ಮುಂದಿನ ಮುದ್ರಣದಲ್ಲಿ, ಅಜ್ಜಿ” ಅಂದೆ. “ಖಂಡಿತ.”

ಅಜ್ಜಿ ನಂಬಿದರು. ಪಟ್ಟಿಯನ್ನು ಮತ್ತೆ ಕಟ್ಟಿಗೆ ಸೇರಿಸಿ, ಜೋಪಾನವಾಗಿ ದಾರ ಸುತ್ತಿದರು.