ಮೊದಲು ಇಳಿದ ನೀರು

ಲತಾಮಣಿ ಟೀಚರಿಗೆ ಈ ನಡುವೆ ಕೂತರೆ ಸಾಕು, ಕಣ್ಣು ಎಳೆಯುತ್ತಿತ್ತು. ಗಂಡಸಿಯ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಲು ಹಿಡಿದು ಇಪ್ಪತ್ತೆರಡು ವರ್ಷ. ಕಣಕಟ್ಟೆಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಕೆಂಚಯ್ಯನ ಮಗಳು. ಆ ಮನೆಯಲ್ಲಿ ಬಿ.ಎಸ್ಸಿ. ಮಾಡಿದವಳು ಅವಳೊಬ್ಬಳೇ. ಆಗೆಲ್ಲ ಒಂದು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಊಟ ಸೇರುತ್ತಿರಲಿಲ್ಲ. ಈಗ ಹದಿನೈದು ದಿನ ಮನೆಮನೆ ಸಮೀಕ್ಷೆಗೆಂದು ಮೊಬೈಲು ಹಿಡಿದು ಅಲೆದು, ಮಂಡಿನೋವು ಹತ್ತಿಸಿಕೊಂಡು ಶಾಲೆಗೆ ಬಂದರೆ ಪಾಠಗಳೆಲ್ಲ ಹಾಗೇ ಬಾಕಿ ಬಿದ್ದಿದ್ದವು.

ಆ ಸೋಮವಾರ ಒಂಬತ್ತನೇ ತರಗತಿಗೆ ಭೂಮಿ ಬಿಸಿಯಾದರೆ ಸಮುದ್ರಮಟ್ಟ ಯಾಕೆ ಏರುತ್ತದೆಂದು ತೋರಿಸಬೇಕಿತ್ತು. ಗಾಜಿನ ಫ್ಲಾಸ್ಕಿಗೆ ಕೆಂಪು ಇಂಕು ಬೆರೆಸಿದ ನೀರು ತುಂಬಿ, ರಬ್ಬರ್ ಬಿರಡೆಗೆ ಸಣ್ಣ ಗಾಜಿನ ಕೊಳವೆ ತೂರಿಸಿ, ಕೊಳವೆಯಲ್ಲಿ ನೀರು ನಿಂತ ಕಡೆ ಪೆನ್ನಿನಿಂದ ಗೀಟೆಳೆದಳು. ಬಿಸಿಯೂಟದ ಅಡುಗೆಯ ಗಿಡ್ಡಮ್ಮ ಕುದಿನೀರು ತಂದು ಪಾತ್ರೆಗೆ ಸುರಿದಳು. ಫ್ಲಾಸ್ಕನ್ನು ಅದರಲ್ಲಿಟ್ಟು ಲತಾಮಣಿ ಬೋರ್ಡಿನ ಕಡೆ ತಿರುಗಿ ಬರೆಯತೊಡಗಿದಳು: ನೀರು ಬಿಸಿಯಾದಾಗ ಹಿಗ್ಗುತ್ತದೆ, ಮಟ್ಟ ಏರುತ್ತದೆ.

“ಮಿಸ್, ಕೆಳಗಿಳೀತು,” ಅಂದಳು ಮುಂದಿನ ಬೆಂಚಿನ ಭವ್ಯಾ.

“ಏರುತ್ತೆ ಕಣೇ. ಸರಿಯಾಗಿ ನೋಡು.”

“ಮೊದ್ಲು ಇಳೀತು ಮಿಸ್. ಆಮೇಲೆ ಏರಿದ್ದು.”

ಲತಾಮಣಿ ತಿರುಗಿ ನೋಡುವಷ್ಟರಲ್ಲಿ ನೀರು ಗೀಟು ದಾಟಿ ಬೆರಳುದ್ದ ಮೇಲೆ ಹೋಗಿತ್ತು. “ಕಾಣ್ತಾ ಇಲ್ವಾ? ಏರಿತು ಅಂತ ಬರ್ಕೋ. ಇನ್ನೂ ಎರಡು ಪಾಠ ಇದೆ,” ಅಂದುಬಿಟ್ಟಳು. ದನಿ ತನಗೇ ಗಡಸಾಗಿ ಕೇಳಿಸಿತು. ಭವ್ಯಾ ತಾನು ಬರೆದಿದ್ದ ಸಾಲನ್ನು ಹೊಡೆದುಹಾಕಿದಳು.

ಸಂಜೆ ಅರಸೀಕೆರೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ತೂಕಡಿಸುತ್ತ ನಿಂತವಳಿಗೆ ಆ ಹೊಡೆದುಹಾಕಿದ ಸಾಲೇ ಕಣ್ಣ ಮುಂದೆ. ಹುಡುಗಿ ಸುಮ್ಮಸುಮ್ಮನೆ ಹೇಳುವವಳಲ್ಲ. ಹಾಗಾದರೆ ಇಳಿದದ್ದು ಯಾಕೆ? ಊರು ಮುಟ್ಟುವ ಹೊತ್ತಿಗೆ ಹೊಳೆಯಿತು. ಬಿಸಿ ಮೊದಲು ತಾಕುವುದು ಗಾಜಿಗೆ. ಗಾಜು ಹಿಗ್ಗಿದರೆ ಒಳಗೆ ಜಾಗ ಹೆಚ್ಚಿ ನೀರು ಒಂದು ಗಳಿಗೆ ಕುಸಿಯುತ್ತದೆ. ಕಾಲೇಜಿನಲ್ಲಿ ಓದಿದ್ದೇ! ವರ್ಷವರ್ಷವೂ ಈ ಪ್ರಯೋಗ ಮಾಡಿದ್ದಳು, ಆ ಗಳಿಗೆಯಲ್ಲಿ ಮಾತ್ರ ಪ್ರತಿಸಲವೂ ಬೋರ್ಡಿನ ಕಡೆ ತಿರುಗಿರುತ್ತಿದ್ದಳು.

ಮಾರನೇ ದಿನ ಮತ್ತೆ ಅಡುಗೆಮನೆ ಬಾಗಿಲಿಗೆ ಹೋದಳು.

“ನೆನ್ನೆ ತಾನೇ ಕೊಟ್ನಲ್ಲ ಮೇಡಮ್ಮೋರೆ, ಇದು ಸಾರಿಗೆ ಇಟ್ಟಿರೋ ನೀರು,” ಗಿಡ್ಡಮ್ಮ ಗೊಣಗಿದಳು.

“ನಿನ್ನೆ ನಾನು ತಪ್ಪು ಹೇಳ್ಕೊಟ್ಟೆ ಗಿಡ್ಡಮ್ಮ. ಎರಡು ಚೆಂಬು ಸಾಕು.”

ತರಗತಿಯಲ್ಲಿ ಸುತ್ತಿಬಳಸದೆ ಹೇಳಿದಳು. “ಭವ್ಯಾ ನೋಡಿದ್ದೇ ಸರಿ. ನಾನು ನೋಡೇ ಇರಲಿಲ್ಲ.”

ಎಲ್ಲರೂ ಮೇಜಿನ ಸುತ್ತ ಮುಗಿಬಿದ್ದರು. ಕೆಂಪು ನೀರು ಕೂದಲೆಳೆಯಷ್ಟು ಕುಸಿದು, ತಡೆದು, ಮೆಲ್ಲಗೆ ಏರತೊಡಗಿತು. ಗಾಜಿನ ವಿಷಯ ವಿವರಿಸಿದಳು.

“ಹಂಗಾದ್ರೆ ಸಮುದ್ರನೂ ಮೊದ್ಲು ಇಳಿಯುತ್ತಾ ಮಿಸ್?” ಭವ್ಯಾ ಕೇಳಿದಳು.

ಲತಾಮಣಿ ಯೋಚಿಸಿದಳು. “ಇಲ್ಲ ಕಣೇ. ಅದಕ್ಕೆ ಬಿಸಿ ತಾಕೋದು ಮೇಲಿಂದ. ತಳದ ಕಲ್ಲುಮಣ್ಣು ಈ ಗಾಜಿನ ಥರ ಮೊದ್ಲೇ ಕಾಯಲ್ಲ.”

“ನೀವು ಸಮುದ್ರ ನೋಡಿದೀರಾ?”

“ಇಲ್ಲ,” ಅಂದಳು. ಕಾಲೇಜಿನವರು ಮಂಗಳೂರಿಗೆ ಹೋದಾಗ ಅಪ್ಪನಿಗೆ ಹುಷಾರಿರಲಿಲ್ಲ. ಆಮೇಲೆ ಹೊರಡಲು ಆಗಿರಲೇ ಇಲ್ಲ.

ಮಧ್ಯಾಹ್ನ ‘ಬಿ’ ಸೆಕ್ಷನ್ನಿಗೆ ಪ್ರಯೋಗ ತೋರಿಸಲು ಭವ್ಯಾಳನ್ನೇ ಕರೆದೊಯ್ದಳು. ತಾನು ಹಿಂದಿನ ಬೆಂಚಿನಲ್ಲಿ ಕೂತು, ಒಮ್ಮೆಯೂ ಬಾಯಿ ಹಾಕದೆ, ಪಿರಿಯಡ್ ಮುಗಿಯುವವರೆಗೂ ಕೇಳಿದಳು.